ಜಾತಕದ ಬೆನ್ನು

ಪೆನ್ಸಿಲಿನಲ್ಲಿ ಬರೆದದ್ದು ಲೆಕ್ಕಕ್ಕಿಲ್ಲ ಎಂಬ ನಂಬಿಕೆಯಲ್ಲಿ ನಾನು ನಲವತ್ತು ವರ್ಷಕ್ಕೂ ಮೇಲೆ ಬದುಕಿದೆ. ಪೆನ್ನಿನಲ್ಲಿ ಬರೆದರೆ ಅದಕ್ಕೊಂದು ಹೊಣೆಯಿದೆ, ಕೆಳಗೊಂದು ಸಹಿಯಿದೆ, ನಾಳೆ ಯಾರಾದರೂ ಕೇಳಿದರೆ ಎದ್ದು ನಿಂತು ಉತ್ತರ ಕೊಡಬೇಕು. ಪೆನ್ಸಿಲ್ ಹಾಗಲ್ಲ. ಅದು ಮನಸ್ಸಿನಲ್ಲೇ ಅಂದುಕೊಂಡ ಹಾಗೆ, ತುಟಿ ಅಲ್ಲಾಡಿತು, ಧ್ವನಿ ಹೊರಡಲಿಲ್ಲ ಎನ್ನುವ ಹಾಗೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅದರ ಮೇಲೆ ಸಂಪಾದಿಸಿದ ವಿದ್ಯೆಯೆಲ್ಲ ಪಂಪ್‌ಸೆಟ್ ಮಾರುವ ಒಂದು ಕಂಪನಿಯ ರೆಕಾರ್ಡು ರೂಮಿನಲ್ಲಿ. ಅಲ್ಲಿ ಸಾಹೇಬರು ಅರ್ಜಿಯ ಮುಂಭಾಗದಲ್ಲಿ ಇಂಕಿನಿಂದ 'ಪರಿಶೀಲಿಸಿ' ಎಂದು ಬರೆಯುತ್ತಿದ್ದರು. ನಾವು ಅದೇ ಅರ್ಜಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ 'ಮೂರನೇ ಸಲ ಬಂದಿದ್ದಾರೆ, ಮುಂಗೋಪಿ, ಕಾಫಿ ಕೊಟ್ಟು ಕೂರಿಸಿ' ಎಂದು ಬರೆಯುತ್ತಿದ್ದೆವು. ಕಂಪನಿ ನಡೆದದ್ದು ಮುಂಭಾಗದಿಂದಲೋ ಹಿಂಬದಿಯಿಂದಲೋ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಹಿಂಬದಿಯಿಂದ ಎನ್ನುತ್ತೇನೆ. ಈ ಅಹಂಕಾರವೇ ನನ್ನನ್ನು ಎಪ್ಪತ್ತೊಂದನೇ ವಯಸ್ಸಿನಲ್ಲಿ ಒಂದು ಹೆಣ್ಣುಮಗಳ ಮುಂದೆ ತಲೆತಗ್ಗಿಸಿ ನಿಲ್ಲಿಸಿತು. ಅದನ್ನು ಹೇಳಿಬಿಡುತ್ತೇನೆ.

ನಿವೃತ್ತನಾದ ಮೂರನೇ ತಿಂಗಳಿಗೆ ನನ್ನ ಹೆಂಡತಿ ಸಾವಿತ್ರಿ ನನ್ನನ್ನು ಮನೆಯಿಂದ ಹೊರಗೆ ಕಳಿಸುವ ದಾರಿ ಹುಡುಕಿದಳು. ಅವಳ ಡಬ್ಬಿಗಳಿಗೆಲ್ಲ ನಾನು ಚೀಟಿ ಅಂಟಿಸಿದ್ದೆ. ಸಾಸಿವೆ ಡಬ್ಬಿಯ ಮೇಲೆ 'ಸಾಸಿವೆ' ಎಂದಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳೇನೋ. ನಾನು ಅದರ ಕೆಳಗೆ 'ಖಾಲಿಯಾಗುವ ಮುನ್ನ ತಿಳಿಸತಕ್ಕದ್ದು' ಎಂದೂ ಬರೆದಿದ್ದೆ. ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಜನರ ಒಂದು ವಧೂವರ ಮಾಹಿತಿ ಕೇಂದ್ರವಿದೆ. ಔಷಧಿ ಅಂಗಡಿಯೊಂದರ ಮಹಡಿಯ ಮೇಲಿನ ಎರಡು ಕೋಣೆ. ಫೈಲು ನೋಡಿಕೊಳ್ಳಲು ಯಾರಾದರೂ ಹಿರಿಯರು ಬೇಕಂತೆ ಎಂದು ಅವಳು ಎಲ್ಲಿಂದಲೋ ಕೇಳಿಕೊಂಡು ಬಂದಳು. ಮರುದಿನವೇ ಟಿಫನ್ ಕ್ಯಾರಿಯರ್ ಕೈಗಿಟ್ಟಳು.

ಅಲ್ಲಿ ನಾನು ರಾಜನಾದೆ. ಹುಡುಗಿಯರಿಗೆ ಹಳದಿ ಫೈಲು, ಹುಡುಗರಿಗೆ ನೀಲಿ. ಪ್ರತಿ ಭಾನುವಾರ ಬೆಳಿಗ್ಗೆ ತಂದೆತಾಯಂದಿರು ಬಂದು ಜಮಖಾನೆಯ ಮೇಲೆ ಸಾಲಾಗಿ ಕೂರುತ್ತಿದ್ದರು. ಯಾರಿಗೆ ಯಾವ ಫೈಲು ಎಂಬುದು ನನ್ನ ಕೈಯಲ್ಲಿ. ಒಂದೊಂದು ಜಾತಕವನ್ನೂ ಒಂದೊಂದು ಕಡೆಯವರಿಗೆ ತೋರಿಸಿದಾಗ ಹಿಂಬದಿಯಲ್ಲಿ ಒಂದು ಸಣ್ಣ ಗೀಟು ಹಾಕುತ್ತಿದ್ದೆ. ಅದರ ಪಕ್ಕದಲ್ಲಿ ಹಳೆಯ ಅಭ್ಯಾಸದಂತೆ ಒಂದು ಸಾಲು. 'ಹುಡುಗನ ತಾಯಿಯೇ ಮಾತಾಡುತ್ತಾರೆ. ಹುಡುಗನ ಧ್ವನಿ ಈವರೆಗೆ ಕೇಳಿಲ್ಲ.' 'ಜಯನಗರ ಎಂದರು. ವಿಳಾಸ ನೋಡಿದರೆ ಜಯನಗರ ಮುಗಿದು ಎರಡು ಬಸ್ ಸ್ಟಾಪು ಆದ ಮೇಲೆ.' 'ಫೋಟೋ ಐದು ವರ್ಷದ ಹಿಂದಿನದು, ಕೂದಲು ಆಗಿನದು.' 'ಉಪ್ಪಿಟ್ಟು ಚೆನ್ನಾಗಿತ್ತು.' ಇದೆಲ್ಲ ಗಟ್ಟಿ ಸೀಸದ ಪೆನ್ಸಿಲಿನಲ್ಲಿ, ಒತ್ತದೆ, ಇರುವೆ ಸಾಲಿಗಿಂತ ಸಣ್ಣಗೆ. ಬರೆದ ನನಗೇ ಅದನ್ನು ಓದಲು ಕಿಟಕಿಯ ಬೆಳಕು ಬೇಕಾಗುತ್ತಿತ್ತು. ಇದರಲ್ಲಿ ಯಾರಿಗೂ ಕೆಡುಕು ಬಯಸಿದವನಲ್ಲ ನಾನು. ಬರೆಯುವಾಗ ಹಾಗೇ ಅನ್ನಿಸುತ್ತಿತ್ತು.

ಹೀಗಿರುವಾಗ ನಮ್ಮ ಅಧ್ಯಕ್ಷರಿಗೆ ಸ್ಕ್ಯಾನಿನ ಹುಚ್ಚು ಹಿಡಿಯಿತು. ಭಾನುವಾರ ಬಂದವರೆಲ್ಲ ಫೋನಿನಲ್ಲಿ ಜಾತಕದ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಒಬ್ಬರ ಹೆಬ್ಬೆರಳು ಲಗ್ನದ ಮನೆಯ ಮೇಲೆ, ಇನ್ನೊಬ್ಬರ ತಲೆಯ ನೆರಳು ಹುಡುಗಿಯ ಮುಖದ ಮೇಲೆ. ಕೇಂದ್ರಕ್ಕೆ ಆಗಲೇ ಒಂದು ಸಾಫ್ಟ್‌ವೇರ್ ಇತ್ತು. ಆಫೀಸಿನ ಕಂಪ್ಯೂಟರಿನಲ್ಲಿ ಒಂದು, ಸದಸ್ಯರ ಫೋನಿನಲ್ಲಿ ಅದರ ತಂಗಿಯಂಥ ಇನ್ನೊಂದು ಆ್ಯಪ್. ಎರಡರಲ್ಲೂ ಹೆಸರು, ಗೋತ್ರ, ನಕ್ಷತ್ರ ಬೆರಳಲ್ಲಿ ಒತ್ತಿ ತುಂಬಬೇಕಿತ್ತು. ಎರಡಕ್ಕೂ ಸ್ಕ್ಯಾನ್ ಮಾಡುವ ಸೌಕರ್ಯ ಸೇರಿಸಿಬಿಟ್ಟರೆ ಜಾತಕವೇ ಅಚ್ಚುಕಟ್ಟಾಗಿ ಒಳಗೆ ಹೋಗುತ್ತದೆ ಎಂದು ಅಧ್ಯಕ್ಷರು ತೀರ್ಮಾನಿಸಿದರು. ಅದನ್ನು ಸೇರಿಸಲು ಬಂದವಳು ನಸ್ರೀನ್. ಬಿಟಿಎಂ ಲೇಔಟಿನಲ್ಲಿ ಗೆಳತಿಯೊಬ್ಬಳ ಜೊತೆ ಸೇರಿ ಎರಡೇ ಮೇಜಿನ ಕಂಪನಿ ನಡೆಸುತ್ತಾಳೆ. ಮೂವತ್ತರ ಆಸುಪಾಸು, ತಿಲಕನಗರದಲ್ಲಿ ಹುಟ್ಟಿ ಬೆಳೆದವಳು, ಮಾತು ಚುರುಕು. ಜೊತೆಗೆ ಒಂದು ಯಂತ್ರ ತರಿಸಿದಳು. ಮೇಲೆ ಕಾಗದದ ಕಟ್ಟು ಇಟ್ಟರೆ ಒಂದೊಂದಾಗಿ ನುಂಗಿ ಕೆಳಗೆ ಉಗುಳುತ್ತದೆ, ನುಂಗುವಾಗಲೇ ಎರಡೂ ಮಗ್ಗುಲನ್ನು ನೋಡಿಕೊಳ್ಳುತ್ತದೆ.

ಎರಡೂ ಮಗ್ಗುಲು ಎಂದಾಗ ನನ್ನ ಪೆನ್ಸಿಲ್ ಸಾಲುಗಳು ನೆನಪಾದವು. ಹಿಂಬದಿ ಖಾಲಿಯಿದ್ದರೆ ಏನಾಗುತ್ತದೆ ಎಂದು ಬಹಳ ಸಹಜವಾಗಿ, ಹವಾಮಾನ ವಿಚಾರಿಸುವವನ ಹಾಗೆ ಕೇಳಿದೆ. ಖಾಲಿ ಪುಟವನ್ನು ಸಾಫ್ಟ್‌ವೇರ್ ತಾನಾಗಿಯೇ ಕಂಡುಹಿಡಿದು ಬಿಸಾಡುತ್ತದೆ ಎಂದಳು. ಆದರೂ ನಾನು ಹಳೇ ರೆಕಾರ್ಡು ಕೀಪರ್. ನಂಬುವ ಮುನ್ನ ಪರೀಕ್ಷಿಸಬೇಕು. ಅವಳು ಊಟಕ್ಕೆ ಹೋದಾಗ, ಹಿಂಬದಿಯಲ್ಲಿ ಅತಿ ಹೆಚ್ಚು ಬರೆದಿದ್ದ ಒಂದು ಜಾತಕವನ್ನು ಹುಡುಕಿ ಯಂತ್ರಕ್ಕೆ ಕೊಟ್ಟೆ. ಮುಂಭಾಗ ಮಾತ್ರ ಬಂತು. ನನ್ನ ಪೆನ್ಸಿಲ್ ಅಷ್ಟು ತೆಳುವಾಗಿತ್ತು, ಯಂತ್ರದ ಕಣ್ಣಿಗೆ ಅದು ಖಾಲಿ ಪುಟ. ಅಂದು ಮಧ್ಯಾಹ್ನ ನಾನು ಮೊಸರನ್ನ ತಿಂದದ್ದು ಗೆದ್ದವನ ಹಾಗೆ.

ಆ ಗೆಲುವನ್ನು ಹಾಳು ಮಾಡಿಕೊಂಡದ್ದು ನಾನೇ, ಅದೂ ಅರಿಶಿನದಿಂದ. ನಮ್ಮಲ್ಲಿ ಜಾತಕದ ನಾಲ್ಕು ಮೂಲೆಗೆ ಅರಿಶಿನ ಹಚ್ಚದೆ ಕೈಯಿಂದ ಕೈಗೆ ಕೊಡುವುದಿಲ್ಲ. ಲಗ್ನಪತ್ರಿಕೆಗೆ ಹಚ್ಚುತ್ತಾರೆ, ಹೊಸ ಪುಸ್ತಕಕ್ಕೆ ಹಚ್ಚುತ್ತಾರೆ, ಜಾತಕಕ್ಕೆ ಬಿಡುತ್ತಾರೆಯೇ? ಆದರೆ ಸ್ಕ್ಯಾನ್ ಆಗಿ ಬಂದ ಜಾತಕಗಳು ಡ್ರೈ ಕ್ಲೀನಿಂಗಿಗೆ ಕೊಟ್ಟ ಪಂಚೆಯ ಹಾಗೆ ಬೆಳ್ಳಗಿದ್ದವು. ನಸ್ರೀನಳನ್ನು ಕೇಳಿದರೆ, ಹಳೇ ಕಾಗದದ ಕೊಳೆ ತೆಗೆದು ಅಕ್ಷರ ಎದ್ದು ಕಾಣುವಂತೆ ಮಾಡುವುದೇ ಸ್ಕ್ಯಾನಿನ ಹೆಚ್ಚುಗಾರಿಕೆ ಎಂದು ಹೆಮ್ಮೆಯಿಂದ ವಿವರಿಸಿದಳು. ಅರಿಶಿನವನ್ನು ಅದು ಕಲೆ ಎಂದು ತಿಳಿದು ಒರೆಸಿಹಾಕುತ್ತಿತ್ತು. ಮೊದಲ ಪ್ರಿಂಟು ತೆಗೆದುಕೊಂಡ ಹಿರಿಯರೊಬ್ಬರು ಬೆರಳ ತುದಿಯಲ್ಲಿ ಹಿಡಿದು, ಇದು ಶುಭಕ್ಕೆ ಕೊಟ್ಟದ್ದೋ ಇನ್ನೊಂದಕ್ಕೋ ಎಂದು ಕೇಳಿ ಮೇಜಿನ ಮೇಲಿಟ್ಟು ಹೊರಟುಹೋದರು.

ನಾನು ಟೊಂಕ ಕಟ್ಟಿ ನಿಂತೆ. ಅರಿಶಿನ ಕಾಣಲೇಬೇಕು ಎಂದು ಅಧ್ಯಕ್ಷರ ಮುಂದೆ ಭಾಷಣ ಮಾಡಿದೆ. ನಸ್ರೀನ್ ಎರಡು ದಿನ ಕೂತು, ತೆಳು ಬಣ್ಣಗಳನ್ನೆಲ್ಲ ಎತ್ತಿ ತೋರಿಸುವ ಹಾಗೆ ಸಾಫ್ಟ್‌ವೇರ್ ತಿದ್ದಿದಳು. ತೋರಿಸಿದಾಗ, ಹತ್ತು ವರ್ಷದ ಹಿಂದಿನ ಅರಿಶಿನ ಇನ್ನೂ ಮಂಕಾಗಿತ್ತು. "ಇನ್ನೂ ಸ್ವಲ್ಪ, ಅಮ್ಮಾ" ಎಂದೆ. ಹೆಚ್ಚಿಸಿದಳು. ಇನ್ನೂ ಸ್ವಲ್ಪ ಎಂದೆ. ಮೂರನೇ ಸಲಕ್ಕೆ ನಾಲ್ಕು ಮೂಲೆಯೂ ಹೊಸ ಚಿನ್ನದ ಹಾಗೆ ಹೊಳೆದವು. ಇಡೀ ಕೇಂದ್ರ ನನ್ನ ಬೆನ್ನು ತಟ್ಟಿತು. ಮಂಕಾದ ಅರಿಶಿನವನ್ನು ಎತ್ತಿ ತೋರಿಸುವ ಕಣ್ಣು ಮಂಕಾದ ಪೆನ್ಸಿಲನ್ನೂ ಎತ್ತಿ ತೋರಿಸುತ್ತದೆ ಎಂದು ಎಸ್ಸೆಸ್ಸೆಲ್ಸಿಯಲ್ಲಿ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡನೇ ಸಲ ಪರೀಕ್ಷೆ ಮಾಡಬೇಕೆಂದು ನನಗೂ ಹೊಳೆಯಲಿಲ್ಲ. ಒಮ್ಮೆ ಪಾಸಾದ ಪರೀಕ್ಷೆಗೆ ಮತ್ತೆ ಯಾರು ಕೂರುತ್ತಾರೆ?

ಆಮೇಲಿನ ಎರಡು ವಾರ ನಾನು ಸ್ಕ್ಯಾನ್ ಮಾಡಿದ ಉತ್ಸಾಹವನ್ನು ಯಾರಾದರೂ ನೋಡಬೇಕಿತ್ತು. ಆಫೀಸಿನಲ್ಲಿ ಯಂತ್ರಕ್ಕೆ ಕಟ್ಟುಕಟ್ಟಾಗಿ ತಿನ್ನಿಸಿದೆ. ಯಂತ್ರಕ್ಕೆ ಕೊಟ್ಟರೆ ಹರಿದುಹೋಗುವಂಥ ಹಳೆಯ ಜಾತಕಗಳನ್ನು ಮನೆಗೆ ತಂದು ಫೋನಿನಲ್ಲಿ ಸ್ಕ್ಯಾನ್ ಮಾಡಿದೆ. ಎರಡೂ ಮಗ್ಗುಲು ತೆಗೆಯದೆ ಫೋನು ಮುಂದಕ್ಕೆ ಬಿಡುತ್ತಿರಲಿಲ್ಲ. ಖಾಲಿಯಾದರೆ ಹೇಗೂ ಬಿಸಾಡುತ್ತದಲ್ಲ ಎಂದು ಹಿಂಬದಿಯನ್ನೂ ಧೈರ್ಯವಾಗಿ ತೆಗೆದೆ. ನಮ್ಮ ಮನೆಯ ನೆಲ ಬಿಳಿ, ಕಾಗದವೂ ಬಿಳಿ, ಅಂಚು ಎಲ್ಲಿ ಎಂದು ಫೋನಿಗೆ ತಿಳಿಯದೆ ಅದು ನೆಲದ ಟೈಲ್ಸಿನ ಜಾತಕ ತೆಗೆಯುತ್ತಿತ್ತು. ಕಡೆಗೆ ಅಡುಗೆಕಟ್ಟೆಯ ಕರಿ ಕಲ್ಲು ನೆನಪಾಗಿ ಅದರ ಮೇಲೆ ಹರಡಿದೆ. ನಾಲ್ಕು ಅಂಚೂ ಥಟ್ಟನೆ ಸಿಕ್ಕಿದವು. ಈ ಉಪಾಯವನ್ನು ನಸ್ರೀನ್ ಆ್ಯಪಿನ ಸೂಚನೆಗಳಲ್ಲೇ ಸೇರಿಸಿದಳು. ಸಾವಿತ್ರಿ ಮಾತ್ರ, ಚಪಾತಿ ಲಟ್ಟಿಸುವ ಜಾಗದಲ್ಲಿ ಇನ್ನೊಬ್ಬರ ಮನೆ ಗಂಡುಮಕ್ಕಳು ಸಾಲಾಗಿ ಮಲಗಿದ್ದಾರೆ, ಮೊದಲು ಅವರನ್ನು ಎಬ್ಬಿಸಿ ಎಂದಳು. ಒಂದೊಂದು ಜಾತಕದ ಕೆಳಗೂ 1/2 ಎಂದು ಬರುತ್ತಿತ್ತು. ಅಳತೆ ಅರ್ಧಕ್ಕೆ ಇಳಿಸಿದ್ದಾರೆ ಎಂದುಕೊಂಡೆ. ಎರಡರಲ್ಲಿ ಒಂದನೇ ಪುಟ ಎಂದು ಗೊತ್ತಾದದ್ದು ಒಂದು ಸೋಮವಾರ ಬೆಳಿಗ್ಗೆ.

ಆ್ಯಪನ್ನು ಸದಸ್ಯರಿಗೆ ಬಿಟ್ಟದ್ದು ಭಾನುವಾರ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅಧ್ಯಕ್ಷರು ಫೋನ್ ಮಾಡಿ ಕೂಡಲೇ ಬನ್ನಿ ಎಂದರು. ಹೋಗುವಷ್ಟರಲ್ಲಿ ಮೂರು ಫೋನು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ನಮ್ಮ ಹುಡುಗನ ಕೂದಲ ಬಗ್ಗೆ ಬರೆಯಲು ನೀವ್ಯಾರು ಎಂದು ಒಬ್ಬರು. ಜಯನಗರ ಎಲ್ಲಿ ಮುಗಿಯುತ್ತದೆಂದು ನಿಗಮದವರು ಹೇಳಬೇಕು, ನೀವಲ್ಲ ಎಂದು ಇನ್ನೊಬ್ಬರು. ಉಪ್ಪಿಟ್ಟು ಮಾಡಿದ್ದ ಮನೆಯವರು ಮಾತ್ರ ಸಂತೋಷದಿಂದ, ಅಂದು ಮಾಡಿದ್ದು ನಮ್ಮತ್ತೆ, ಹುಡುಗಿಯಲ್ಲ, ಅದನ್ನು ಸ್ಪಷ್ಟಪಡಿಸಿ ಎಂದರಂತೆ. ಅಧ್ಯಕ್ಷರು ಫೋನಿನ ಪರದೆಯನ್ನು ನನ್ನ ಮುಖದ ಮುಂದೆ ಹಿಡಿದರು. ನನ್ನ ಇರುವೆಗಳೆಲ್ಲ ಕಟ್ಟಿರುವೆಗಳಾಗಿ ಸಾಲುಗಟ್ಟಿ ನಿಂತಿದ್ದವು.

ಇಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ, ಅದನ್ನು ಮುಚ್ಚಿಡುವುದಿಲ್ಲ. ಸಾಫ್ಟ್‌ವೇರೇ ಏನೇನೋ ಸೇರಿಸಿಕೊಂಡು ಬರೆದಿರಬೇಕು, ಈಗಿನ ಕಂಪ್ಯೂಟರುಗಳು ತಾವಾಗಿಯೇ ಕತೆ ಕಟ್ಟುತ್ತವಂತೆ ಎಂದು ಪೇಪರಿನಲ್ಲಿ ಓದಿದ್ದೇನೆ ಎಂದುಬಿಟ್ಟೆ. ಅಧ್ಯಕ್ಷರು ಅದನ್ನು ನಂಬಿ ನಸ್ರೀನಳನ್ನು ಕರೆಸಿ ಗದರಿದರು. ಆ ಹುಡುಗಿ ಮಧ್ಯಾಹ್ನದವರೆಗೆ ಕೂತು ತನ್ನ ತಪ್ಪು ಹುಡುಕಿದಳು. ಆಮೇಲೆ ನೀಲಿ ಫೈಲು ತೆಗೆದು, ಒಂದು ಜಾತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ಸ್ವಲ್ಪ ಓರೆ ಮಾಡಿ ನೋಡಿದಳು. ಯಾರೂ ಹತ್ತಿರ ಇಲ್ಲದಾಗ ನನ್ನ ಮೇಜಿಗೆ ಬಂದು, "ಅಂಕಲ್, ಸಾಫ್ಟ್‌ವೇರ್ ತಪ್ಪು ಮಾಡುತ್ತೆ, ನಾನು ಇಲ್ಲ ಅನ್ನಲ್ಲ. ಆದ್ರೆ ಉಪ್ಪಿಟ್ಟು ಚೆನ್ನಾಗಿತ್ತು ಅಂತ ಬರಿಯಲ್ಲ" ಎಂದಳು. ನಾನು ಎದ್ದು ಅಧ್ಯಕ್ಷರ ಕೋಣೆಗೆ ಹೋಗಿ ನಿಜ ಹೇಳಿದೆ. ಅವರು ತಮ್ಮ ಮಗಳ ಜಾತಕವೂ ಒಂದು ಕಾಲಕ್ಕೆ ಇಲ್ಲೇ ಇತ್ತಲ್ಲ, ಅದರ ಹಿಂದೆ ಏನು ಬರೆದಿದ್ದಿರಿ ಎಂದು ಕೇಳಿದರು. ನೆನಪಿಲ್ಲ ಎಂದೆ. ನೆನಪಿತ್ತು. ಅಂದು ಸಂಜೆಯೊಳಗೆ ನಸ್ರೀನ್ ಎಲ್ಲ ಜಾತಕಗಳ ಹಿಂಬದಿಯನ್ನೂ ಆ್ಯಪಿನಿಂದ ಮರೆಮಾಡಿದಳು.

ಮರೆಮಾಡುವ ಮುನ್ನ ಓದಬೇಕಾದವರು ಓದಿಯಾಗಿತ್ತು. ಮಂಗಳವಾರ ಸಂಜೆ ಒಬ್ಬಳು ಹೆಲ್ಮೆಟ್ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಅಧ್ಯಕ್ಷರೂ ನಸ್ರೀನಳೂ ಅಲ್ಲೇ ಇದ್ದರು. ಬಂದವಳ ಹೆಸರು ವಾರಿಜಾ, ಜಯನಗರದ ಕಣ್ಣಿನ ಕ್ಲಿನಿಕ್ಕೊಂದರಲ್ಲಿ ದೃಷ್ಟಿ ಪರೀಕ್ಷೆ ಮಾಡುವ ಕೆಲಸ. ಆರು ವರ್ಷದ ಹಿಂದೆ ತಂದೆಯ ಜೊತೆ ಬಂದು ಜಾತಕ ಕೊಟ್ಟಾಗ ಅವಳಿಗೆ ಇಪ್ಪತ್ತೆಂಟು. ಅವಳನ್ನು ನೋಡಿದ ಕೂಡಲೇ ಅಂದು ನಡೆದದ್ದು ನನಗೆ ನೆನಪಾಯಿತು. ನಮ್ಮ ಅರ್ಜಿಯಲ್ಲಿ ಹುಡುಗಿಯರಿಗೆ 'ಅಡುಗೆ, ಮನೆಗೆಲಸ ಬರುತ್ತದೆಯೇ' ಎಂಬ ಪ್ರಶ್ನೆಯಿತ್ತು. ಈ ಪ್ರಶ್ನೆ ಹುಡುಗರ ಅರ್ಜಿಯಲ್ಲಿ ಯಾಕಿಲ್ಲ ಎಂದು ಕೇಳಿದ್ದಳು. ಜಗಳಕ್ಕಲ್ಲ, ತಿಳಿದುಕೊಳ್ಳಲು ಕೇಳಿದವಳ ಹಾಗೆ ಕೇಳಿದ್ದಳು. ಆ ಅರ್ಜಿಯನ್ನು ತಯಾರಿಸಿದವನು ನಾನು. ಅವರು ಮೆಟ್ಟಿಲು ಇಳಿಯುತ್ತಿದ್ದಂತೆ ಪೆನ್ಸಿಲ್ ತೆಗೆದುಕೊಂಡೆ.

"ನಂಜುಂಡಯ್ಯ ಅಂದ್ರೆ ನೀವಾ?" ಎಂದಳು.

ಹೌದಮ್ಮ ಎಂದೆ. ಹಿಂಬದಿ ಮರೆಯಾಗುವ ಮುನ್ನವೇ ಅವಳು ಅದನ್ನು ತನ್ನ ಫೋನಿನಲ್ಲಿ ಉಳಿಸಿಕೊಂಡಿದ್ದಳು. ನನ್ನ ಮುಖದಿಂದ ಒಂದು ಮೊಳ ದೂರದಲ್ಲಿ ಹಿಡಿದು, "ಕನ್ನಡಕ ಹಾಕ್ಕೊಂಡು ಇದನ್ನ ಓದಿ" ಎಂದಳು.

"ಕಾಣ್ತಿಲ್ಲಮ್ಮ."

"ನಮ್ಮ ಕ್ಲಿನಿಕ್ಕಲ್ಲಿ ಎಂಬತ್ತು ವರ್ಷದವ್ರು ಇದಕ್ಕಿಂತ ಸಣ್ಣಕ್ಷರ ಓದ್ತಾರೆ. ಅವಸರ ಇಲ್ಲ, ನಿಧಾನಕ್ಕೆ ಓದಿ."

ಓದಿದೆ. "ಹುಡುಗಿ ಎದುರು ಮಾತಾಡುತ್ತಾಳೆ, ತೋರಿಸುವ ಮುನ್ನ ಯೋಚಿಸಿ." ನನ್ನ ಅಕ್ಷರವನ್ನು ನನ್ನ ಬಾಯಲ್ಲೇ ಕೇಳಿದ್ದು ಅದೇ ಮೊದಲು. ಪೆನ್ಸಿಲಿಗೂ ಧ್ವನಿಯಿದೆ ಎಂದು ಆಗ ಗೊತ್ತಾಯಿತು.

"ಯೋಚ್ನೆ ಮಾಡಿ ಎಷ್ಟು ಜನಕ್ಕೆ ತೋರ್ಸಿದ್ರಿ?"

ಹಳದಿ ಫೈಲಿನಿಂದ ಅವಳ ಜಾತಕ ತೆಗೆದು ತಿರುವಿದೆ. ಗೀಟುಗಳಿರಬೇಕಾದ ಜಾಗ ನುಣ್ಣಗಿತ್ತು. ನಾನಿಲ್ಲದ ಭಾನುವಾರ ಫೈಲು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರೂ ನನ್ನ ಸಾಲನ್ನು ಓದಿ ಓದಿ ಅದನ್ನು ಫೈಲಿನ ತೀರಾ ಕೆಳಗೇ ಬಿಟ್ಟಿದ್ದರು. "ಒಬ್ಬರಿಗೂ ಇಲ್ಲಮ್ಮ" ಎಂದೆ.

ಅವಳು ಕೂಗಾಡುತ್ತಾಳೆ ಎಂದು ನಾವು ಕಾದೆವು. ಅವಳು ಕುರ್ಚಿ ಎಳೆದು ಕೂತಳು. "ಭಾನ್ವಾರ ಬಂದ್ರೆ ನಮ್ಮಪ್ಪ ಫೋನ್ ಪಕ್ಕದಲ್ಲಿಟ್ಕೊಂಡು ಕೂತ್ಕೋತಾರೆ. ಆರು ವರ್ಷದಿಂದ. ಸಂಜೆ ಆದ್ಮೇಲೆ ಇವತ್ತು ನೆಟ್‌ವರ್ಕ್ ಸರಿ ಇರ್ಲಿಲ್ಲ ಅನ್ಸುತ್ತೆ ಅಂತಾರೆ. ನನ್ನ ಮುಖದಲ್ಲೇ ಏನೋ ಇದೆ ಅಂತ ನಾನು ಅಂದ್ಕೊಂಡಿದ್ದೆ ಅಂಕಲ್" ಎಂದಳು.

ತಪ್ಪಾಯಿತಮ್ಮ ಎಂದೆ. ಎಷ್ಟು ಸಣ್ಣ ಮಾತು ಅದು, ಹೇಳಿದ ಮೇಲೂ ಹೇಳದ ಹಾಗೇ ಇತ್ತು. ಅಧ್ಯಕ್ಷರು ಮುಂದೆ ಬಂದು, ಹಿಂಬದಿ ಈಗಾಗಲೇ ಮರೆಯಾಗಿದೆ, ಹೊಸ ಕಾಗದದಲ್ಲಿ ಹೊಸ ಜಾತಕ ಕೊಟ್ಟುಬಿಡಿ, ಇದನ್ನು ಹರಿದು ಹಾಕುತ್ತೇವೆ ಎಂದು ಸಮಾಧಾನ ಮಾಡತೊಡಗಿದರು. ಅವಳು ಬೇಡ ಎಂದಳು.

"ಯಾಕೆ ಹರೀತೀರಾ ಸಾರ್? ಆರು ವರ್ಷ ಇತ್ತಲ್ಲ, ಇರ್ಲಿ. ಅದರ ಕೆಳಗೆ ನಾನು ಬರೀತೀನಿ. ಹಂಗೇ ಸ್ಕ್ಯಾನ್ ಮಾಡಿ ಎಲ್ಲರಿಗೂ ಕಾಣೋ ಹಾಗೆ ಹಾಕಿ."

ಅಧ್ಯಕ್ಷರು ನಿಯಮದಲ್ಲಿ ಅವಕಾಶವಿಲ್ಲ, ಸಮಿತಿಯನ್ನು ಕೇಳಬೇಕು ಎಂದು ಶುರು ಮಾಡಿದರು. ನಾನು ನನ್ನ ಜೀವನದಲ್ಲಿ ಮೇಲಿನವರ ಮಾತಿಗೆ ಅಡ್ಡಬಂದವನಲ್ಲ. ಅಂದು ಏನಾಯಿತೋ, ನಾನು ಬರೆಯುವಾಗ ಯಾವ ಸಮಿತಿಯನ್ನೂ ಕೇಳಿರಲಿಲ್ಲ ಸಾರ್, ಅವಳು ಯಾಕೆ ಕೇಳಬೇಕು ಎಂದುಬಿಟ್ಟೆ. ಜೊತೆಗೆ ಜೇಬಿನಿಂದ ಪೆನ್ನು ತೆಗೆದು ಅವಳ ಮುಂದಿಟ್ಟೆ. ಅವಳು ನನ್ನ ಸಾಲಿನ ಕೆಳಗೆ ನೀಟಾಗಿ ಮೂರು ಸಾಲು ಬರೆದಳು.

'ಹೌದು, ಎದುರಿಗೇ ಮಾತಾಡುತ್ತೇನೆ. ಬೆನ್ನ ಹಿಂದೆ ಮಾತಾಡುವುದಿಲ್ಲ.

ಅಡುಗೆ ಬರುತ್ತದೆ, ಹುಡುಗನಿಗೂ ಬಂದರೆ ಒಳ್ಳೆಯದು.

ಆರು ವರ್ಷ ಕಾದಿದ್ದೇನೆ. ತಾಳ್ಮೆಯಿಲ್ಲ ಎಂದು ಯಾರೂ ಹೇಳಬಾರದು.'

ನಸ್ರೀನ್ ಅದನ್ನು ಓದಿ, ಕಾಗದ ತೆಗೆದುಕೊಂಡು ತಾನೇ ಸ್ಕ್ಯಾನ್ ಮಾಡಿದಳು. ಒಂದು ಸಾವಿರ ಚಿಲ್ಲರೆ ಜಾತಕಗಳ ನಡುವೆ ಹಿಂಬದಿ ಇರುವ ಜಾತಕ ಅದೊಂದೇ ಆಯಿತು. ಮೂರು ದಿನದಲ್ಲಿ ಇಡೀ ಸದಸ್ಯಬಳಗ ಅದನ್ನು ಓದಿತು. ನಾಲ್ಕನೇ ದಿನ ಫೋನು ಮತ್ತೆ ಬಡಿದುಕೊಂಡಿತು. ಬೈಗುಳಕ್ಕೆ ಸಿದ್ಧನಾಗಿ ತೆಗೆದೆ. ನಮ್ಮ ಹಿಂಬದಿ ಎಲ್ಲಿ ಎಂದು ಕೇಳುತ್ತಿದ್ದರು. ಸೋಮವಾರ ಅದನ್ನು ತೆಗೆಸಲು ಕೂಗಾಡಿದ್ದ ಮನೆಯ ಹುಡುಗನೇ, ಕೂದಲಿನ ಹುಡುಗ, ಅಂಕಲ್, ನಾನೂ ಅದರ ಕೆಳಗೆ ಬರೀಬೇಕು ಎಂದ.

ನಸ್ರೀನಳ ಕೈಚಳಕವನ್ನು ನಾನು ಆಗ ನೋಡಿದೆ. ಹತ್ತೇ ದಿನದಲ್ಲಿ ಆಫೀಸಿನ ಕಂಪ್ಯೂಟರಿನಲ್ಲೂ ಫೋನಿನ ಆ್ಯಪಿನಲ್ಲೂ 'ಹಿಂಬದಿ' ಎಂಬ ಒಂದು ಬಟನ್ ಬಂತು. ಮದುವೆಯಾಗಬೇಕಾದವರು ತಮ್ಮ ಬಗ್ಗೆ ತಾವೇ, ತಮ್ಮ ಕೈಬರಹದಲ್ಲೇ ಒಂದು ಪುಟ ಬರೆದು, ಫೋನಿನಲ್ಲಿ ಸ್ಕ್ಯಾನ್ ಮಾಡಿ ಸೇರಿಸಬಹುದು. ತಂದೆತಾಯಿ ಬರೆಯುವಂತಿಲ್ಲ. ನನ್ನ ಹಳೆಯ ಸಾಲನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅವರ ಇಷ್ಟ. ಹುಡುಗರ ಅರ್ಜಿಗೂ ಅಡುಗೆಯ ಪ್ರಶ್ನೆ ಸೇರಿತು. ಸೇರಿಸಿದವನು ನಾನೇ, ಈ ಸಲ ಇಂಕಿನಲ್ಲಿ. ಮನೆಮನೆಗಳ ಕರಿ ಅಡುಗೆಕಟ್ಟೆಗಳ ಮೇಲೆ ಸ್ಕ್ಯಾನ್ ಆದ ಪುಟಗಳು ಬರತೊಡಗಿದವು. ಒಂದೆರಡರ ಅಂಚಿನಲ್ಲಿ ಕೊತ್ತಂಬರಿ ಸೊಪ್ಪೂ ಬಂತು. ತಾಯಿಯೇ ಮಾತಾಡುತ್ತಿದ್ದ ಹುಡುಗ ಇಡೀ ಪುಟದಲ್ಲಿ ಒಂದೇ ಸಾಲು ಬರೆದಿದ್ದ: 'ನನಗೆ ಮಾತು ಬರುತ್ತದೆ.' ಆ ಒಂದು ಸಾಲಿಗೆ ಐದು ಕಡೆಯಿಂದ ವಿಚಾರಣೆ ಬಂತು. ಭಾನುವಾರ ಜಮಖಾನೆ ಸಾಲದೆ ಚಾಪೆ ತರಿಸಿದೆವು. ಜನ ಜಾತಕ ಕೈಗೆ ಬಂದ ಕೂಡಲೇ ಮೊದಲು ತಿರುವಿ ನೋಡುತ್ತಿದ್ದರು, ಗ್ರಹಗಳ ಕಡೆ ಆಮೇಲೆ ಬರುತ್ತಿದ್ದರು. ಅಧ್ಯಕ್ಷರು ವಾರ್ಷಿಕ ಸಭೆಯಲ್ಲಿ ಇದೆಲ್ಲ ತಮ್ಮ ದೂರದೃಷ್ಟಿ ಎಂದರು. ನಸ್ರೀನ್ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು.

ಇಷ್ಟೆಲ್ಲ ಆಗುತ್ತಿದ್ದರೂ ನನ್ನ ಕಣ್ಣು ಇದ್ದದ್ದು ಒಂದೇ ಜಾತಕದ ಮೇಲೆ. ವಾರಿಜಳ ಪುಟವನ್ನು ಎಲ್ಲರೂ ಓದಿ ಮೆಚ್ಚಿದರು, ಆದರೆ ಅವಳನ್ನು ಕೇಳಿ ಯಾರೂ ಬರಲಿಲ್ಲ. ಜನ ಹಾಗೆಯೇ, ಓದಲು ಎದುರುಮಾತು ಬೇಕು, ಮನೆಗೆ ಬೇಡ. ಒಂದು ತಿಂಗಳು ಕಳೆಯಿತು. ಭಾನುವಾರ ಸಂಜೆಯಾದರೆ ಅವಳ ತಂದೆ ನೆಟ್‌ವರ್ಕನ್ನು ಬೈಯುತ್ತಿರುವುದು ನನ್ನ ಕಿವಿಗೆ ಕೇಳಿದ ಹಾಗಾಗುತ್ತಿತ್ತು. ನಾನು ಫೈಲು ಹಿಡಿದು ಕಾಯುವುದನ್ನು ಬಿಟ್ಟು ಜಮಖಾನೆಯ ಮೇಲೆ ಒಬ್ಬೊಬ್ಬರ ಪಕ್ಕ ಹೋಗಿ ಕೂತು, ಈ ಹುಡುಗಿಯನ್ನು ನೋಡಿದಿರಾ ಎಂದು ಕೇಳತೊಡಗಿದೆ. ಒಂದೊಂದು ಸಲ ತೋರಿಸಿದಾಗಲೂ ಒಂದೊಂದು ಗೀಟು. ಹನ್ನೊಂದು ಗೀಟಾಯಿತು. ಅಷ್ಟು ಜನಕ್ಕೆ ನಮ್ಮಪ್ಪ ನನ್ನ ಜಾತಕವನ್ನೂ ತೋರಿಸಿರಲಿಲ್ಲ ಎಂದು ಸಾವಿತ್ರಿ ಹೇಳಿದಳು. ನಿನ್ನನ್ನು ಮೊದಲನೆಯವರೇ ಒಪ್ಪಿದರು ಎಂದೆ. ಒಪ್ಪಿದವಳು ನಾನು ಎಂದಳು.

ಹನ್ನೆರಡನೆಯವರು ಕುಮಾರಸ್ವಾಮಿ ಲೇಔಟಿನಿಂದ ಬಂದ ಒಬ್ಬ ಹಿರಿಯರು. ಮಗ ಗಿರೀಶನಿಗೆ ಅಲ್ಲೇ ಬ್ಯಾಟರಿ ಅಂಗಡಿ, ವಯಸ್ಸು ಮೂವತ್ತೇಳು. ಅವರು ನಾಲ್ಕೂ ಸಾಲನ್ನು ಎರಡು ಸಲ ಓದಿದರು. "ನಮ್ಮನೇಲಿ ನಾವಿಬ್ರೂ ಗಂಡಸ್ರು ಸಾರ್. ಟೀವಿ ಆಫ್ ಮಾಡಿದ್ರೆ ಗಡಿಯಾರದ ಸದ್ದು ಕೇಳುತ್ತೆ. ಎದುರು ಮಾತಾಡೋರು ಒಬ್ರು ಬಂದ್ರೆ ಸಾಕು ಅಂತಿದ್ದೀವಿ" ಎಂದರು. ಗಿರೀಶನ ಹಿಂಬದಿಯನ್ನು ನಾನೇ ವಾರಿಜಳಿಗೆ ಫೋನ್ ಮಾಡಿ ಓದಿ ಹೇಳಿದೆ: 'ಮಾತು ಕಡಿಮೆ, ಕೇಳಿಸಿಕೊಳ್ಳುತ್ತೇನೆ. ಅನ್ನ, ಸಾರು, ಪಲ್ಯ ಬರುತ್ತದೆ. ಚಪಾತಿ ಗುಂಡಗೆ ಬರುವುದಿಲ್ಲ.' ಅವಳು, ಗುಂಡಗಿಲ್ಲದಿದ್ರೆ ಪರವಾಗಿಲ್ಲ, ಬೆಂದಿರುತ್ತಾ ಕೇಳಿ ಎಂದಳು. ಇಬ್ಬರೂ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕಾಫಿ ಕುಡಿದರು. ಆಮೇಲೆ ಏನಾಯಿತೆಂದು ತಡೆಯಲಾರದೆ ನಾನೇ ವಿಚಾರಿಸಿದೆ. "ಕಣ್ಣೂ ಸರಿ ಇದೆ, ಕಿವೀನೂ ಸರಿ ಇದೆ ಅಂಕಲ್" ಎಂದಳು.

ಮದುವೆ ಜೆ.ಪಿ. ನಗರದ ಒಂದು ಛತ್ರದಲ್ಲಿ. ನಾನು ಸಾವಿತ್ರಿಯ ಜೊತೆ ಹೋದದ್ದು ಮೂಲೆಯಲ್ಲಿ ಕೂತು ಅಕ್ಷತೆ ಹಾಕಿ ಬರುವ ವಿನಯದಿಂದ. ಪಶ್ಚಾತ್ತಾಪಪಟ್ಟವನು ಮುಂದಿನ ಸಾಲಿನಲ್ಲಿ ಕೂರಬಾರದು ಎಂದು ದಾರಿಯುದ್ದಕ್ಕೂ ಅವಳಿಗೆ ಹೇಳಿಕೊಂಡು ಬಂದಿದ್ದೆ. ಆದರೆ ಗಿರೀಶನ ತಂದೆ ನನ್ನನ್ನು ಕಂಡದ್ದೇ ಕೈಹಿಡಿದು ವೇದಿಕೆಗೆ ಎಳೆದುಕೊಂಡು ಹೋಗಿ, ತಮ್ಮ ನೆಂಟರಿಗೆಲ್ಲ ಕೇಳುವ ಹಾಗೆ, ಈ ಸಂಬಂಧ ಕೂಡಿದ್ದೇ ಇವರು ಬರೆದ ಬರಹದಿಂದ ಎಂದರು. ಹತ್ತಾರು ಜನ ಕೈಮುಗಿದರು. ಒಬ್ಬರು ಕ್ಯಾಮೆರಾದವನನ್ನು ಕರೆದರು. ಅಲ್ಲ ಸಾರ್ ಎನ್ನಬೇಕೆಂದು ಬಾಯಿ ತೆರೆದೆ. "ಏನೋ ಸಾರ್, ನಮ್ಮ ಕೈಲಾದ ಸೇವೆ" ಎಂಬ ಮಾತು ಹೊರಬಿತ್ತು.

ಅಷ್ಟರಲ್ಲಿ ವಾರಿಜಾ ಬಾಗಿ ನಮಸ್ಕಾರ ಮಾಡಿದಳು. ಏಳುವಾಗ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, ನಗುತ್ತಲೇ ಹೇಳಿದಳು: "ಅಂಕಲ್, ನಿಮ್ಮದು ಒಂದು ಸಾಲು. ಮಿಕ್ಕ ಮೂರು ನಂದು."

ನಾನು ಗಿರೀಶನ ತಂದೆಯ ಕಡೆ ತಿರುಗಿ, ಎಲ್ಲರ ಎದುರಿಗೇ ಹೇಳಿದೆ. ಮೊದಲನೇ ಸಾಲು ಮಾತ್ರ ನನ್ನದು ಸಾರ್, ಅದು ತಪ್ಪು ಸಾಲು, ಆರು ವರ್ಷ ಈ ಮಗುವನ್ನು ಕಾಯಿಸಿದ್ದು ನಾನು. ಸಂಬಂಧ ಕೂಡಿಸಿದ ಮೂರು ಸಾಲು ಅವಳೇ ಬರೆದದ್ದು. ವಾರಿಜಳ ತಂದೆ ಮುಂದೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಗಿರೀಶನ ತಂದೆಯ ಕಣ್ಣಲ್ಲಿ ನೀರಾಡಿತು. ವಾರಿಜಾ ತಲೆಯಾಡಿಸಿ ಸರಿ ಎಂದಳು. ಬೆನ್ನ ಮೇಲಿದ್ದ ಮೂಟೆಯನ್ನು ಯಾರೋ ಎತ್ತಿ ಕೆಳಗಿಟ್ಟ ಹಾಗಾಯಿತು ನನಗೆ. ನಲವತ್ತು ವರ್ಷದಲ್ಲಿ ನಾನು ಅಷ್ಟು ಹಗುರಾಗಿ ಮೆಟ್ಟಿಲು ಇಳಿದಿರಲಿಲ್ಲ.

ಆ ಹಗುರಿನಲ್ಲೇ ಹೋಗಿ ಊಟಕ್ಕೆ ಕೂತೆ. ಪಕ್ಕದ ಎಲೆಯವರು ಗಂಡಿನ ಕಡೆಯ ದೂರದ ನೆಂಟರು, ವೇದಿಕೆಯ ಹತ್ತಿರ ಬಂದವರಲ್ಲ. ಕೋಸಂಬರಿ ಬಡಿಸುವಾಗ, ಹುಡುಗಿಯ ಜಾತಕದ ಹಿಂದೆ ಯಾರೋ ಏನೋ ಸೊಗಸಾಗಿ ಬರೆದಿದ್ದರಂತಲ್ಲ, ಯಾರು ಸಾರ್ ಅವರು ಎಂದು ಕೇಳಿದರು. ಸಾವಿತ್ರಿ ನನ್ನ ಎಡಗಡೆಯಲ್ಲೇ ಇದ್ದಳು, ಮೊಣಕೈಯಿಂದ ತಿವಿದಳು. ಮೊದಲನೇ ಸಾಲು ಮಾತ್ರ ನನ್ನದು ಎಂದು ಸ್ಪಷ್ಟವಾಗಿಯೇ ಹೇಳಿದೆ. ಅವರು ಮೆಚ್ಚಿ ತಲೆದೂಗಿದರು. ಹೋಳಿಗೆ ಬರುವ ಹೊತ್ತಿಗೆ ಎರಡನೇ ಸಾಲಿಗೂ ಸ್ವಲ್ಪ ಸಲಹೆ ಕೊಟ್ಟಿದ್ದೆ. ಅವರು ಇನ್ನೂ ತಲೆದೂಗುತ್ತಲೇ ಇದ್ದರು, ಒಳ್ಳೆಯ ಮನುಷ್ಯರು, ಬಡಿಸುವವನನ್ನು ಕರೆದು ನನ್ನ ಎಲೆಗೆ ತುಪ್ಪವನ್ನೂ ಹಾಕಿಸಿದರು. ಮಜ್ಜಿಗೆ ಬರುವಷ್ಟರಲ್ಲಿ ನಾಲ್ಕೂ ಸಾಲು ನಾನೇ ಬರೆದಿದ್ದೆ.